ರಜೆ ಮುಗಿಸಿ ಬಂದ ಮೂರನೇ ಕ್ಲಾಸು: ಮರೆತದ್ದು ಯಾವ್ದು, ಕಲಿತೇ ಇರದಿದ್ದದ್ದು ಯಾವ್ದು, ಮಧ್ಯೆ ಈ ಹೋಂವರ್ಕು

ಉದ್ದದ ರಜೆ ಮುಗಿದು ಸ್ಕೂಲ್ ಶುರುವಾದಾಗಿಂದ ಮೊದಲ ಟೆಸ್ಟ್ ತನಕದ ಓಟ ಈಗಷ್ಟೇ ಮುಗೀತು. ಮೂರನೇ ಕ್ಲಾಸು, ನಲವತ್ತರ ಹತ್ತಿರ ಮಕ್ಳು, ಕನ್ನಡ ಗಣಿತ ಎರಡೂ ನನ್ದೇ. ಎಲ್ಲಾ ಇನ್ನೂ ತಲೇಲಿರೋವಾಗ್ಲೇ ಬರೆದುಬಿಡೋಣ ಅಂತ ಕೂತಿದೀನಿ, ಯಾಕಂದ್ರೆ ಟ್ರೈನಿಂಗಲ್ಲಿ ಪಾಠ ಮಾಡೋದು ಹೇಗೆ ಅಂತ ಎಲ್ರೂ ಹೇಳ್ತಾರೆ, ರಜೆ ಮುಗಿಸಿ ಬಂದ ಮಕ್ಳು ಬಾಯಿ ಬಿಟ್ಕೊಂಡು ನಿಮ್ಮನ್ನೇ ನೋಡ್ತಾ ಕೂತಾಗ ಏನ್ ಮಾಡ್ಬೇಕು ಅಂತ ಯಾರೂ ಹೇಳಲ್ಲ. ಮೊದಲ ಸಲ ಪ್ರೈಮರಿ ಕ್ಲಾಸ್ ತಗೊಳ್ತಿರೋ ಟೀಚರ್‌ಗಳಿಗೆ ಇದು ಉಪಯೋಗ ಆಗ್ಬಹುದು, ಮನೇಲಿ ಎರಡನೇ ಮೂರನೇ ಕ್ಲಾಸ್ ಮಗು ಇರೋ ಅಪ್ಪ ಅಮ್ಮಂದಿರೂ ಓದಿ, ನಿಮ್ ಬಗ್ಗೆನೂ ಇದೆ.

ಮೊದಲು ಕಾಗದಪತ್ರದ ಕಥೆ. ಹಳೇ ಕ್ಲಾಸ್ ಟೀಚರಿಂದ ನನಗೆ ಬಂದದ್ದು ಮಾರ್ಕ್ಸ್ ಕಾರ್ಡಿನ ಒಂದು ಕಟ್ಟು, ಅಟೆಂಡೆನ್ಸ್ ಲಿಸ್ಟು, ಅಷ್ಟೇ. ಮಾರ್ಕ್ಸ್ ಕಾರ್ಡಲ್ಲಿ ಗಣಿತ ಎ, ಕನ್ನಡ ಬಿ ಪ್ಲಸ್ ಅಂತಿರುತ್ತೆ. ಆ ಬಿ ಪ್ಲಸ್ ಇಟ್ಕೊಂಡು ನಾನೇನ್ ಮಾಡ್ಲಿ? ಮಗೂಗೆ ಒತ್ತಕ್ಷರ ಬರುತ್ತಾ, ಎರಡಂಕಿ ಕಳೆಯೋ ಲೆಕ್ಕ ಬರುತ್ತಾ, ಒಂದು ಪ್ಯಾರಾ ಓದಿ ಏನಿತ್ತು ಅಂತ ಹೇಳ್ತಾನಾ, ಅದ್ಯಾವ್ದೂ ಅದರಲ್ಲಿಲ್ಲ. ಹಳೇ ನೋಟ್ ಬುಕ್ಸ್ ಸಿಕ್ಕಿದ್ರೆ ಒಳ್ಳೇದಿತ್ತು ಅಂತ ಕೇಳ್ದೆ, ರಜೆಗೆ ಮುಂಚೇನೇ ಮಕ್ಳ ಕೈಗೆ ಕೊಟ್ಟು ಕಳಿಸಿದ್ರಂತೆ, ಅರ್ಧ ಜನರ ಮನೇಲಿ ಅದು ಅಷ್ಟೊತ್ತಿಗೆ ರದ್ದಿಗೆ ಹೋಗಿತ್ತು. ಮಿಕ್ಕವರಿಗೆ ತಂದುಕೊಡಿ ಅಂತ ಡೈರೀಲಿ ಬರೆದು ಕಳ್ಸಿದೆ, ಒಂದೊಂದೇ ಬಂತು. ಬಂದಷ್ಟು ಬುಕ್ಸ್ ಮಾತ್ರ ಚಿನ್ನ ಕಣ್ರಿ. ಕೊನೇ ಹತ್ತು ಪುಟ ತಿರುವಿದ್ರೆ ಸಾಕು, ಬೋರ್ಡಿಂದ ಕಾಪಿ ಮಾಡಿದ್ದು ಯಾವ್ದು ಅವನೇ ಯೋಚಿಸಿ ಬರೆದದ್ದು ಯಾವ್ದು ಅಂತ ಗೊತ್ತಾಗ್ಬಿಡುತ್ತೆ. ಹಾಗಾಗಿ ಮೊದಲ ದಿನಾನೇ ಹಳೇ ನೋಟ್ ಬುಕ್ ಕೇಳ್ಬಿಡಿ, ಆಮೇಲೆ ಕೇಳಿದ್ರೆ ಸಿಗಲ್ಲ.

ಇನ್ನು ಮೊದಲ ದಿನಗಳು. ನಿದ್ದೆ, ಬರೀ ನಿದ್ದೆ. ಎರಡನೇ ಪೀರಿಯಡ್‌ಗೇ ಆಕಳಿಸೋಕೆ ಶುರು. ಆರರಿಂದ ಹನ್ನೆರಡು ವರ್ಷದ ಮಕ್ಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ, ಆದ್ರೆ ರಜೇಲಿ ರಾತ್ರಿ ಹನ್ನೊಂದು ಹನ್ನೆರಡಕ್ಕೆ ಮಲಗಿ ಅಭ್ಯಾಸ ಆದ ಮಗು ಸ್ಕೂಲ್ ಶುರುವಾದ ತಕ್ಷಣ ಒಂಬತ್ತಕ್ಕೆ ಮಲಗಲ್ಲ, ಬೆಳಿಗ್ಗೆ ಏಳೋದು ಮಾತ್ರ ಬೇಗ ಏಳ್ಲೇಬೇಕು. ನಷ್ಟ ಆಗೋದು ನನ್ನ ಮೊದಲೆರಡು ಪೀರಿಯಡ್ಡು. ಹಾಗಾಗಿ ಗಣಿತದ ಪೀರಿಯಡ್ಡನ್ನ ಸ್ವಲ್ಪ ದಿನ ಕೆಳಗೆ ಇಳಿಸ್ಕೊಂಡು, ಬೆಳಿಗ್ಗೆ ಕಥೆ ಓದೋದು, ಎದ್ದು ನಿಂತು ಮಗ್ಗಿ ಹೇಳೋದು, ಅಂತದ್ದು ಇಟ್ಕೊಂಡೆ. ಪೇರೆಂಟ್ಸ್‌ಗೆ ಒಂದು ಮಾತು: ಸ್ಕೂಲ್ ಶುರುವಾಗೋಕೆ ಒಂದು ವಾರ ಮುಂಚೆನೇ ಮಲಗೋ ಟೈಮನ್ನ ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ತನ್ನಿ, ಹೊಸ ಬ್ಯಾಗ್ ಹೊಸ ಬಾಟಲಿಗಿಂತ ಅದು ದೊಡ್ಡ ಉಪಕಾರ.

ಕೈಗೂ ಅಭ್ಯಾಸ ತಪ್ಪಿರುತ್ತೆ. ಅರ್ಧ ಪುಟ ಬರೆಯೋಷ್ಟರಲ್ಲಿ "ಮಿಸ್ ಕೈ ನೋಯ್ತಿದೆ" ಅಂತ ಬೆರಳು ಮಡಚಿ ಬಿಚ್ಚಿ ತೋರಿಸ್ತಾರೆ. ಅದು ನೆಪ ಅಲ್ಲ, ನಿಜವಾಗ್ಲೂ ನೋಯುತ್ತೆ. ಮೊದಲ ಸಾಲು ಗುಂಡುಗುಂಡಾಗಿ ಗೆರೆ ಮೇಲೆ ಕೂತಿರುತ್ತೆ, ಐದನೇ ಸಾಲಿಗೆ ಅಕ್ಷರ ಎಲ್ಲಾ ಗೆರೆ ಬಿಟ್ಟು ಕೆಳಗೆ ಜಾರಿರುತ್ತೆ, ಪೆನ್ಸಿಲ್ ಹಿಡಿಯೋದು ಮುಷ್ಟಿ ಹಿಡಿದಂಗೆ ಆಗಿರುತ್ತೆ. ಈ ಟೈಮಲ್ಲಿ ಎರಡು ಪುಟ ಕಾಪಿ ರೈಟಿಂಗ್ ಹೋಂವರ್ಕ್ ಕೊಟ್ರೆ ಮಗು ಕಲಿಯೋದು ಬರೆಯೋದನ್ನಲ್ಲ, ಬರೆಯೋದು ಅಂದ್ರೆ ಶಿಕ್ಷೆ ಅನ್ನೋದನ್ನ.

ರಜೆ ಹೋಂವರ್ಕ್ ಬಗ್ಗೆ ಜಾಸ್ತಿ ಹೇಳಲ್ಲ. ದಿನಕ್ಕೊಂದು ಪುಟ ಅಂತ ಕೊಟ್ಟಿರ್ತಾರೆ, ಎಲ್ಲಾ ಪುಟದಲ್ಲೂ ಒಂದೇ ಪೆನ್ಸಿಲ್ಲು, ಒಂದೇ ಒತ್ತಡ, ಒಂದೇ ಅವಸರ, ಕೊನೇ ಎರಡು ದಿನದಲ್ಲಿ ಮುಗಿದಿದೆ ಅಂತ ನೋಡಿದ್ರೇನೇ ಗೊತ್ತಾಗುತ್ತೆ. ಕೆಲವು ಬುಕ್ಕಲ್ಲಿ ಅಕ್ಷರ ಎಷ್ಟು ಚೆನ್ನಾಗಿತ್ತು ಅಂದ್ರೆ ಅದು ಎಂಟು ವರ್ಷದ ಕೈ ಅಲ್ವೇ ಅಲ್ಲ. ನಾನು ಅದನ್ನ ಸಾಲು ಸಾಲು ತಿದ್ದೋಕೆ ಹೋಗ್ಲಿಲ್ಲ. "ಇದರಲ್ಲಿ ನಿಂಗೆ ಇಷ್ಟವಾದ ಒಂದು ಪುಟ ತೆಗೆದು ನನಗೆ ಓದಿ ತೋರ್ಸು" ಅಂದೆ, ಅಷ್ಟೇ. ಮಾಡಿಲ್ದೇ ಇದ್ದವರನ್ನ ನಿಲ್ಸಿ ಬೈಯ್ಲಿಲ್ಲ. ಮೊದಲ ದಿನಾನೇ ಬೈಸ್ಕೊಂಡ ಮಗು ಎರಡನೇ ದಿನ ಹೊಟ್ಟೆನೋವು ಅನ್ನುತ್ತೆ, ಅದನ್ನ ವಾಪಸ್ ದಾರಿಗೆ ತರೋಕೆ ನನಗೇ ಕಷ್ಟ.

ಈಗ ಮುಖ್ಯ ವಿಷಯ. ಆಫೀಸಿಂದ ಒಂದು ಫಾರ್ಮ್ ಬಂತು, ಬೇಸ್‌ಲೈನ್ ಟೆಸ್ಟ್ ಮಾಡಿ ಪ್ರತಿ ಮಗುವಿನ ಮಟ್ಟ ತುಂಬಿ ಕೊಡಿ ಅಂತ, ಅದೂ ಮೊದಲ ವಾರದೊಳಗೇ. ಜೊತೆಗೆ ಸಿಲೆಬಸ್ ಪ್ಲಾನು, ಮೊದಲ ಪಾಠ ಇಷ್ಟನೇ ತಾರೀಕಿಗೆ ಮುಗೀಬೇಕು ಅಂತ. ಎರಡನ್ನೂ ಒಟ್ಟಿಗೆ ಮಾಡಿ ಅನ್ನೋವ್ರು ಯಾವತ್ತೂ ಮೂರನೇ ಕ್ಲಾಸಲ್ಲಿ ನಿಂತು ನೋಡಿಲ್ಲ ಅಂತ ಕಾಣುತ್ತೆ. ನಾನು ಟೆಸ್ಟ್ ಮಾಡ್ದೆ, ಸಣ್ಣದು, ಒಂದೇ ಹಾಳೆ. ಸಂಜೆ ಕೂತು ತಿದ್ದಿದಾಗ ನಿಜವಾಗ್ಲೂ ಕೈಕಾಲು ತಣ್ಣಗಾಯ್ತು. ಅರ್ಧಕ್ಕಿಂತ ಹೆಚ್ಚು ಜನ ಕಳೆಯೋ ಲೆಕ್ಕ ತಪ್ಪು, ಉಕ್ತಲೇಖನದಲ್ಲಿ ಒತ್ತಕ್ಷರ ಎಲ್ಲಾ ಮಾಯ, ಏಳರ ಮಗ್ಗಿ ಮೊದಲಿಂದ ಹೇಳು ಅಂದ್ರೆ ಹಾಡಿನ ಥರ ಹೇಳ್ತಾರೆ, ಏಳೆಂಟ್ಲಿ ಎಷ್ಟು ಅಂತ ನಡುವಿಂದ ಕೇಳಿದ್ರೆ ಏಳೊಂದ್ಲಿ ಏಳರಿಂದ ಶುರು ಮಾಡಿ ಬೆರಳು ಮಡಚ್ಕೊಂಡು ಐವತ್ತಾರಕ್ಕೆ ಬರ್ಬೇಕು. ಇವರಿಗೆ ಎರಡನೇ ಕ್ಲಾಸನ್ನೇ ಮತ್ತೆ ಮಾಡ್ಬೇಕೇನೋ ಅನ್ನಿಸ್ತು.

ಆದ್ರೆ ಅವತ್ತಿನ ಹಾಳೆ ಇಟ್ಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ. ಇದನ್ನ ದಪ್ಪ ಅಕ್ಷರದಲ್ಲಿ ಬರೆದಿದೆ ಅಂತ್ಲೇ ಓದ್ಕೊಳ್ಳಿ. 1885ರಲ್ಲೇ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡ್ಕೊಂಡು, ಅರ್ಥ ಇಲ್ಲದ ಅಕ್ಷರಗುಂಪುಗಳನ್ನ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಲೆಕ್ಕ ಇಟ್ಟಿದ್ದ. ಮರೆವು ಶುರುವಲ್ಲಿ ಸರ್ರಂತ ಬರುತ್ತೆ ಅನ್ನೋದು ಎಲ್ರಿಗೂ ಗೊತ್ತು. ಆತ ತೋರಿಸಿದ ಇನ್ನೊಂದು ಸಂಗತಿ ನಮ್ಮಂಥವರಿಗೆ ಹೆಚ್ಚು ಬೇಕಾದದ್ದು: ಪೂರ್ತಿ ಮರೆತಂಗೆ ಕಂಡದ್ದನ್ನ ಎರಡನೇ ಸಲ ಕಲಿಯೋಕೆ ಮೊದಲ ಸಲಕ್ಕಿಂತ ಕಮ್ಮಿ ಹೊತ್ತು ಸಾಕು. ಅಂದ್ರೆ ಮಗು ಹಾಳೆ ಮೇಲೆ ಖಾಲಿ ಬಿಟ್ಟಿದೆ ಅಂದ ಮಾತ್ರಕ್ಕೆ ಒಳಗೂ ಖಾಲಿ ಅಂತಲ್ಲ. ಸ್ವಲ್ಪ ತಟ್ಟಿದ್ರೆ ವಾಪಸ್ ಬರೋದು ಒಂದು ಜಾತಿ, ಎಷ್ಟು ತಟ್ಟಿದ್ರೂ ಬರದೇ ಇರೋದು ಇನ್ನೊಂದು ಜಾತಿ. ಎರಡನೇದು ರಜೇಲಿ ಮರೆತದ್ದಲ್ಲ, ರಜೆಗೆ ಮುಂಚೇನೂ ಇರ್ಲಿಲ್ಲ. ಇವೆರಡನ್ನ ಬೇರೆ ಮಾಡೋದೇ ಮೊದಲ ತಿಂಗಳ ಕೆಲಸ ಅಂತ ನನಗೀಗ ಖಾತ್ರಿಯಾಗಿದೆ, ಉಳಿದದ್ದೆಲ್ಲಾ ಆಮೇಲೆ.

ರಜೆಯಿಂದ ಎಷ್ಟು ಮರೀತಾರೆ ಅನ್ನೋದರ ಬಗ್ಗೆ ಸ್ಟಾಫ್ ರೂಮಲ್ಲಿ ದಿನಾ ವಾದ ನಡೆಯುತ್ತೆ, ಹೊರಗೂ ನಡೀತಿದೆ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಅಮೆರಿಕದ ಹಳೇ ಅಧ್ಯಯನಗಳನ್ನೆಲ್ಲಾ ಒಟ್ಟು ಹಾಕಿ ಬೇಸಿಗೆ ರಜೇಲಿ ಸರಾಸರಿ ಸುಮಾರು ಒಂದು ತಿಂಗಳ ಪಾಠದಷ್ಟು ಹಿಂದೆ ಬೀಳ್ತಾರೆ, ಅದರಲ್ಲೂ ಲೆಕ್ಕ ಮಾಡೋದು ಮತ್ತು ಕಾಗುಣಿತದಂಥದ್ದು ಜಾಸ್ತಿ ಪೆಟ್ಟು ತಿನ್ನುತ್ತೆ ಅಂದ್ರು. ಅದು ನನ್ನ ಕ್ಲಾಸಲ್ಲಿ ಕಂಡದ್ದಕ್ಕೆ ಸರಿಯಾಗೇ ಹೊಂದುತ್ತೆ, ಕಥೆ ಕೇಳಿ ಅರ್ಥ ಮಾಡ್ಕೊಳ್ಳೋದರಲ್ಲಿ ಯಾರೂ ಹಿಂದೆ ಬಿದ್ದಿರ್ಲಿಲ್ಲ, ಬಿದ್ದದ್ದೆಲ್ಲಾ ಕಳೆಯೋದರಲ್ಲಿ ಮತ್ತು ಒತ್ತಕ್ಷರದಲ್ಲಿ. ಆದ್ರೆ 2019ರಲ್ಲಿ ಪಾಲ್ ವಾನ್ ಹಿಪ್ಪಲ್ ಅನ್ನೋ ಸಂಶೋಧಕರು ಹಳೇ ಫಲಿತಾಂಶಗಳಲ್ಲಿ ಕೆಲವು ಆಗಿನ ಟೆಸ್ಟುಗಳ ದೋಷದಿಂದ ಬಂದದ್ದು, ಹೊಸ ಟೆಸ್ಟಲ್ಲಿ ಹಾಗೇ ಕಾಣ್ತಿಲ್ಲ ಅಂತ ಬರೆದ್ರು. ಹಾಗಾಗಿ ಯಾರಾದ್ರೂ ನಿಮ್ಮ ಮುಂದೆ ಬಂದು ರಜೇಲಿ ಇಷ್ಟು ಪರ್ಸೆಂಟ್ ಮರೀತಾರೆ ಅಂತ ಗಟ್ಟಿಯಾಗಿ ಹೇಳಿದ್ರೆ ತಲೆ ಆಡಿಸಿ ಸುಮ್ನಾಗಿ. ನಿಮ್ಮ ಕ್ಲಾಸಿನ ಮಕ್ಳು ಏನು ಮರೆತಿದ್ದಾರೆ ಅನ್ನೋದು ನಿಮಗೆ ನಿಮ್ಮ ಕ್ಲಾಸಲ್ಲೇ ಗೊತ್ತಾಗ್ಬೇಕು.

ಹೇಗೆ ಗೊತ್ತು ಮಾಡ್ಕೊಂಡೆ ಅಂತ ಒಂದೇ ಲೆಕ್ಕ ಇಟ್ಕೊಂಡು ಹೇಳ್ತೀನಿ. 402ರಲ್ಲಿ 158 ಕಳೆ. ಸರಿ ಉತ್ತರ 244. ತಪ್ಪು ಮಾಡಿದವರ ಹಾಳೆ ಬೇರೆ ಇಟ್ಟು ನೋಡಿದೆ, ತಪ್ಪುಗಳು ಚೆಲ್ಲಾಪಿಲ್ಲಿ ಇರ್ಲಿಲ್ಲ, ಹೆಚ್ಚಿನವು ಎರಡೇ ಥರ. ಒಂದು ಗುಂಪು 254 ಅಂತ ಬರೆದಿತ್ತು. ಇವರು ಎರಡರಲ್ಲಿ ಎಂಟು ಹೋಗಲ್ಲ ಅಂತ ಗುರುತಿಸಿದಾರೆ, ಹತ್ತರ ಮನೇಲಿ ಸೊನ್ನೆ ಇದೆ, ಅಲ್ಲಿ ಸಾಲ ಸಿಗಲ್ಲ, ಸೀದಾ ನೂರರ ಮನೆಗೆ ಹೋಗಿ ನಾಲ್ಕನ್ನ ಮೂರು ಮಾಡಿ ಬಿಡಿಗೆ ಹತ್ತು ತಂದಿದಾರೆ, ಹನ್ನೆರಡರಲ್ಲಿ ಎಂಟು ಹೋಗಿ ನಾಲ್ಕು. ಮಧ್ಯದ ಸೊನ್ನೆಗೆ ಏನ್ ಮಾಡ್ಬೇಕು ಅನ್ನೋ ಒಂದು ಮೆಟ್ಟಿಲು ಮಾತ್ರ ಮರೆತೋಗಿ ಅಲ್ಲಿ ಐದು ಅಂತ ಹಾಕಿದಾರೆ. ಇನ್ನೊಂದು ಗುಂಪು 356 ಅಂತ ಬರೆದಿತ್ತು. ಇವರು ಸಾಲ ಗೀಲ ಏನೂ ಇಲ್ಲ, ಪ್ರತಿ ಮನೇಲೂ ದೊಡ್ಡದರಲ್ಲಿ ಚಿಕ್ಕದು ಕಳೆದುಬಿಟ್ಟಿದಾರೆ, ಎಂಟರಲ್ಲಿ ಎರಡು ಹೋದ್ರೆ ಆರು, ಐದರಲ್ಲಿ ಸೊನ್ನೆ ಹೋದ್ರೆ ಐದು, ನಾಲ್ಕರಲ್ಲಿ ಒಂದು ಹೋದ್ರೆ ಮೂರು. ಮಾರ್ಕ್ಸ್ ಲೆಕ್ಕದಲ್ಲಿ ಇಬ್ಬರಿಗೂ ಸೊನ್ನೆ. ಆದ್ರೆ 254ರವನಿಗೂ 356ರವನಿಗೂ ಅಜಗಜಾಂತರ.

254ರ ಗುಂಪನ್ನ ಬೋರ್ಡ್ ಹತ್ರ ಕರೆದು ಎರಡು ಲೆಕ್ಕ ಜೊತೇಲಿ ಮಾಡ್ದೆ, "ಓ ಹೌದು ಮಿಸ್, ಸೊನ್ನೆ ಮೊದಲು ಹತ್ತಾಗಿ ಆಮೇಲೆ ಒಂಬತ್ತಾಗುತ್ತೆ" ಅಂತ ಅವರೇ ಹೇಳಿದ್ರು. ಮುಗೀತು. ಮಾರನೇ ದಿನ ಕೇಳಿದ್ರೂ ಇತ್ತು, ಮುಂದಿನ ವಾರ ಕೇಳಿದ್ರೂ ಇತ್ತು. 356ರವರಿಗೆ ಅದನ್ನೇ ಬೋರ್ಡಲ್ಲಿ ತೋರಿಸಿದ್ರೆ ತಲೆ ಆಡಿಸಿದ್ರು, ಕಾಪಿ ಮಾಡ್ಕೊಂಡ್ರು, ಮಾರನೇ ದಿನ ಮತ್ತೆ 356. ಒಬ್ಬ ಹುಡುಗನ್ನ ಪಕ್ಕ ಕೂರಿಸ್ಕೊಂಡು ಹಾಳೆ ಕತ್ತರಿಸಿ ಮಾಡಿದ ಸಣ್ಣ ಪಟ್ಟಿಗಳನ್ನ ಹತ್ತತ್ತರ ಕಟ್ಟು ಕಟ್ಟಿ, ಹತ್ತು ಕಟ್ಟು ಸೇರಿಸಿ ನೂರರ ದೊಡ್ಡ ಕಟ್ಟು ಮಾಡಿ, 402 ಇಡು ಅಂದೆ. ಅವನು ನಾಲ್ಕು ಪಟ್ಟಿ ಇಟ್ಟ, ಸ್ವಲ್ಪ ಜಾಗ ಬಿಟ್ಟ, ಎರಡು ಪಟ್ಟಿ ಇಟ್ಟ. ಬಿಡಿ ಪಟ್ಟಿಗಳು, ಕಟ್ಟಲ್ಲ. ಮಧ್ಯದ ಖಾಲಿ ಜಾಗ ಸೊನ್ನೆ. ಅವನಿಗೆ 402 ಅನ್ನೋದು ನಾಲ್ಕು, ಸೊನ್ನೆ, ಎರಡು ಅಂತ ಮೂರು ಅಂಕಿ ಅಷ್ಟೇ, ನಾನೂರ ಎರಡು ಅನ್ನೋ ರಾಶಿ ಅಲ್ಲ. ಇದು ರಜೇಲಿ ಆದ ಮರೆವಲ್ಲ ಅಂತ ಆ ಕ್ಷಣಕ್ಕೆ ಗೊತ್ತಾಗೋಯ್ತು. ಇಷ್ಟು ದಿನ ಸುಲಭದ ಲೆಕ್ಕಗಳು ಬರ್ತಿದ್ವು, ಕಾಪಿ ಚೆನ್ನಾಗಿತ್ತು, ಬಿ ಪ್ಲಸ್ ಬಂದಿತ್ತು.

ಆ ಕಟ್ಟುಗಳ ಜೊತೆ ಅವನು ಮತ್ತೆ ಅವನಂಥ ಕೆಲವರು ಎಷ್ಟೋ ದಿನ ಕೂತ್ರು. ನೂರರ ಕಟ್ಟು ಬಿಚ್ಚಿದ್ರೆ ಹತ್ತರ ಕಟ್ಟು ಹತ್ತು, ಅದರಲ್ಲಿ ಒಂದು ಬಿಚ್ಚಿದ್ರೆ ಬಿಡಿ ಹತ್ತು, ಈಗ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ, ಎಲ್ಲಾ ಸೇರಿದ್ರೆ ಇನ್ನೂ 402ನೇ. ಈ "ಇನ್ನೂ 402ನೇ" ಅನ್ನೋದು ಅವರಿಗೆ ದೊಡ್ಡ ಆಶ್ಚರ್ಯ. ಒಬ್ಬಳಂತೂ ನಂಬ್ದೇ ಎಲ್ಲಾ ಪಟ್ಟಿ ಮತ್ತೆ ಎಣಿಸೋಕೆ ಕೂತ್ಲು, ಬೆಲ್ ಆದ್ರೂ ಏಳ್ಲಿಲ್ಲ. ಇದಕ್ಕೆ ತಗುಲೋ ಖರ್ಚು ದುಡ್ಡಲ್ಲ, ಟೈಮು. ಹಳೇ ಹಾಳೆ, ದಾರ ಸಾಕು, ಆದ್ರೆ ಪಟ್ಟಿ ಕತ್ತರಿಸಿ ಕಟ್ಟೋಕೆ ನನ್ನ ಸಂಜೆಗಳು ಹೋದ್ವು. ಮಕ್ಳ ಕೈಲೇ ಕಟ್ಟಿಸಿ, ಹತ್ತು ಎಣಿಸಿ ಕಟ್ಟೋದೇ ಅರ್ಧ ಪಾಠ.

ಕನ್ನಡದಲ್ಲೂ ಇದೇ ಥರ ಬೇರೆ ಮಾಡ್ಬಹುದು. "ಅಕ್ಕ" ಅನ್ನೋದನ್ನ "ಅಕ" ಅಂತ ಬರೆದವರು ಹೆಚ್ಚಿನವರು ಮೆಲ್ಲಗೆ ಬಾಯಲ್ಲಿ ಹೇಳ್ಕೊಂಡು ಬರಿ ಅಂದ ತಕ್ಷಣ ಒತ್ತು ಹಾಕಿದ್ರು, ಅದು ವಾಪಸ್ ಬರೋ ಜಾತಿ. ಅರ್ಕಾವೊತ್ತು ಮಾತ್ರ ತಲೆನೋವು. ಸೂರ್ಯ ಬರಿ ಅಂದ್ರೆ ಸೂಯ್ರ ಅಂತ ಬರೀತಾರೆ, ಬಾಯಲ್ಲಿ ರ ಮೊದಲು ಬರುತ್ತೆ, ಕೈಯಲ್ಲಿ ಆ ಗುರುತು ಯ ಆದ್ಮೇಲೆ ಬರುತ್ತೆ, ಎಂಟು ವರ್ಷದ ತಲೆಗೆ ಇದು ಅನ್ಯಾಯ ಅನ್ಸೋದು ಸಹಜಾನೇ. ಅದಕ್ಕೆ ನಾನು ನಿಯಮ ಹೇಳೋಕೆ ಹೋಗ್ಲಿಲ್ಲ, ದಿನಾ ಎರಡೇ ಪದ, ಬೋರ್ಡಲ್ಲಿ ಬರೆದು, ಓದಿಸಿ, ಅಳಿಸಿ, ನೋಡ್ದೇ ಬರೆಸೋದು, ನಾಳೆ ಅದನ್ನೇ ಮತ್ತೆ, ಎರಡು ದಿನ ಬಿಟ್ಟು ಮತ್ತೆ. ಒಂದೇ ಪದಾನ ಇಪ್ಪತ್ತು ಸಲ ಬರೆಸೋದಕ್ಕಿಂತ ಇದು ಸಾವಿರ ಪಾಲು ಮೇಲು. ಇಪ್ಪತ್ತು ಸಲ ಬರೆಯೋ ಮಗು ಹೇಗೆ ಬರೆಯುತ್ತೆ ನೋಡಿದೀರಾ? ಮೊದಲು ಇಪ್ಪತ್ತು ಸಾಲಲ್ಲೂ ಬರೀ "ಸೂ" ಬರ್ಕೊಂಡು ಬರುತ್ತೆ, ಆಮೇಲೆ ಮೇಲಿಂದ ಕೆಳಗೆ "ರ್ಯ" ಜೋಡಿಸ್ಕೊಂಡು ಬರುತ್ತೆ. ಅಲ್ಲಿ ಪದಾನೇ ಇಲ್ಲ.

ನೋಡ್ದೇ ಬರೆಸೋದು ಯಾಕೆ ಅಂದ್ರೆ, 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಇಬ್ರು ಕಾಲೇಜ್ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡು ಬರೆದವರಿಗೆ ಒಂದು ವಾರದ ಮೇಲೆ ಜಾಸ್ತಿ ನೆನಪಿತ್ತು. ಕಾಲೇಜ್ ಮಕ್ಳ ಮಾತು ಮೂರನೇ ಕ್ಲಾಸಿಗೆ ಹಾಗೇ ಹಾಕೋಕಾಗಲ್ಲ ನಿಜ, ಆದ್ರೆ ನನ್ನ ಕ್ಲಾಸಲ್ಲಿ ಕಂಡಮಟ್ಟಿಗೆ ಬೋರ್ಡ್ ಅಳಿಸಿದ ಮೇಲೆ ಬರೆದದ್ದು ನಿಂತಿದೆ, ನೋಡ್ಕೊಂಡು ಬರೆದದ್ದು ನಿಂತಿಲ್ಲ.

ಒಬ್ಬೊಬ್ಬರನ್ನೇ ಪಕ್ಕ ಕರೆದು ಓದಿಸೋದು ಈ ಇಡೀ ಕೆಲಸದಲ್ಲೇ ಅತಿ ನಿಧಾನದ್ದು. ಒಂದು ಮಗುಗೆ ನಾಲ್ಕೈದು ನಿಮಿಷ ಅಂದ್ಕೊಂಡು ಹೊರಟ್ರೆ ಮಧ್ಯೆ "ಮಿಸ್ ಇವ್ನು ನನ್ನ ರಬ್ಬರ್ ತಗೊಂಡ", "ಮಿಸ್ ನೀರು", "ಮಿಸ್ ಇವಳಿಗೆ ಅಳು ಬರ್ತಿದೆ". ಉಳಿದವರಿಗೆ ಚಿತ್ರ ಬಿಡ್ಸಿ ಕೆಳಗೆ ಒಂದು ಸಾಲು ಬರೀರಿ ಅಂತ ಕೊಟ್ಟು, ನಾನು ಮೂಲೇಲಿ ಸ್ಟೂಲ್ ಹಾಕ್ಕೊಂಡು ಕೂತೆ. ಬೇಗ ಮುಗಿಸ್ಬೇಕು ಅಂತ ಅವಸರ ಮಾಡ್ಬೇಡಿ, ಯಾಕಂದ್ರೆ ಸಿಗಬೇಕಾದ್ದೆಲ್ಲಾ ಅಲ್ಲೇ ಸಿಗೋದು. ಒಬ್ಬ ಹುಡುಗ ಓದೋದನ್ನೇ ಮರೆತಿದಾನೆ ಅಂತ ನಾನೂ ಅವನ ಅಮ್ಮನೂ ಇಬ್ರೂ ಅಂದ್ಕೊಂಡಿದ್ವಿ, ಬೋರ್ಡ್ ನೋಡಿ ಓದು ಅಂದ್ರೆ ಬಾಯೇ ಬಿಡ್ತಿರ್ಲಿಲ್ಲ, ಬರೆದದ್ದೆಲ್ಲಾ ಅರ್ಧಂಬರ್ಧ. ಪಕ್ಕ ಕೂತು ಪುಸ್ತಕ ಕೊಟ್ಟೆ, ಮೂಗಿಗೆ ತಾಗೋಷ್ಟು ಹತ್ರ ಹಿಡ್ಕೊಂಡು ಗಡಗಡ ಓದಿಬಿಟ್ಟ. ಕಣ್ಣು! ರಜೇಲಿ ಪವರ್ ಜಾಸ್ತಿ ಆಗಿತ್ತು, ಬೋರ್ಡ್ ಕಾಣ್ತಾನೇ ಇರ್ಲಿಲ್ಲ. ಕಣ್ಣಿನ ಡಾಕ್ಟರ್ ಹತ್ರ ಹೋಗಿ ಕನ್ನಡಕ ಬರೋ ತನಕ ಮುಂದಿನ ಬೆಂಚಲ್ಲಿ ಕೂರಿಸ್ದೆ, ಅಷ್ಟಕ್ಕೇ ಅರ್ಧ ಸರಿಹೋದ. ಹಾಗಾಗಿ ಓದೋದು ಬರಲ್ಲ ಅನ್ನೋ ಮೊದಲು ಕಣ್ಣು, ಕಿವಿ ಎರಡೂ ನೋಡಿಸಿ ಅಂತ ಪೇರೆಂಟ್ಸ್‌ಗೆ ಹೇಳಿ.

ಈಗ ಹೋಂವರ್ಕ್, ಎಲ್ಲಾ ಜಗಳ ಇರೋದು ಇಲ್ಲೇ. ಸ್ಕೂಲ್ ಶುರುವಾದ ತಕ್ಷಣ ಪೇರೆಂಟ್ಸ್ ಗ್ರೂಪಲ್ಲಿ ಎರಡು ಪಕ್ಷ ಆಗೋಗುತ್ತೆ. "ಮೇಡಂ ಏನೂ ಹೋಂವರ್ಕೇ ಕೊಡ್ತಿಲ್ಲ, ಮಕ್ಳು ಮನೇಲಿ ಬರೀ ಫೋನ್ ಹಿಡ್ಕೊಂಡು ಕೂರ್ತಾರೆ" ಅಂತ ಒಬ್ರು ಹಾಕ್ತಾರೆ, ಅದರ ಕೆಳಗೇ "ನಮ್ಮ ಮನೇಲಿ ದಿನಾ ಎರಡು ಗಂಟೆ ಅಳು ಮೇಡಂ, ದಯವಿಟ್ಟು ಕಮ್ಮಿ ಮಾಡಿ" ಅಂತ ಇನ್ನೊಬ್ರು. ಎರಡೂ ಒಂದೇ ದಿನದ ಹೋಂವರ್ಕ್ ಬಗ್ಗೆ! ಕ್ಲಾಸಿಗೆ ಹತ್ತು ನಿಮಿಷ ಅನ್ನೋ ಒಂದು ಅಂದಾಜು ಲೆಕ್ಕ ಚಾಲ್ತೀಲಿದೆ, ಒಂದನೇ ಕ್ಲಾಸಿಗೆ ಹತ್ತು, ಮೂರನೇ ಕ್ಲಾಸಿಗೆ ಮೂವತ್ತು, ಮೇಲೆ ಹೇಳಿದ ಕೂಪರ್ ಅವರೂ ಅದನ್ನ ಒಪ್ತಾರೆ. ಅದೇ ಕೂಪರ್ ತಂಡ 2006ರಲ್ಲಿ ಹೋಂವರ್ಕ್ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾಗ, ಹೋಂವರ್ಕಿಗೂ ಓದಿನಲ್ಲಿ ಮುಂದೆ ಬರೋದಕ್ಕೂ ಇರೋ ನಂಟು ದೊಡ್ಡ ಕ್ಲಾಸಲ್ಲಿ ಗಟ್ಟಿ, ಚಿಕ್ಕ ಕ್ಲಾಸಲ್ಲಿ ತೀರಾ ಸಡಿಲ ಅಂತ ಕಂಡಿತ್ತು. ಇದನ್ನ ಗ್ರೂಪಲ್ಲಿ ಹಾಕಿದ್ರೆ ಯಾರೂ ಓದಲ್ಲ, ಹಾಗಾಗಿ ಪೇರೆಂಟ್ಸ್ ಮೀಟಿಂಗಲ್ಲಿ ಬಾಯ್ಮಾತಲ್ಲೇ ಹೇಳ್ದೆ.

ನಾನು ಇಟ್ಕೊಂಡ ಕ್ರಮ ಇದು. ಕ್ಲಾಸಲ್ಲಿ ಮಾಡಿಲ್ದೇ ಇರೋದು ಮನೆಗೆ ಹೋಗಲ್ಲ. ದಿನಾ ಒಂದು ಹಳೇದು, ಅಂದ್ರೆ ಹೋದ ವಾರದ್ದೋ ಹೋದ ವರ್ಷದ್ದೋ ಎರಡು ಮೂರು ಲೆಕ್ಕ, ಇವತ್ತಿನದು ಸ್ವಲ್ಪ, ಆಮೇಲೆ ಮನೇಲಿ ಯಾರಿಗಾದ್ರೂ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳೋದು, ತಮ್ಮನಿಗೆ ಓದಿದ್ರೂ ಸರಿ. ಅರ್ಧ ಗಂಟೆ ಆದ ತಕ್ಷಣ ಎಲ್ಲಿಗೆ ಬಂದಿದೆಯೋ ಅಲ್ಲೇ ಒಂದು ಅಡ್ಡಗೆರೆ ಎಳೆದು ದೊಡ್ಡವರು ಸಹಿ ಹಾಕಿ ನಿಲ್ಸಿ, ಮುಗೀದಿದ್ರೂ ಪರವಾಗಿಲ್ಲ. ಮತ್ತೆ ತಪ್ಪು ತಿದ್ದಬೇಡಿ, ಹಾಗೇ ಕಳ್ಸಿ.

ಕೊನೇ ಮಾತಿಗೇ ಜಾಸ್ತಿ ವಿರೋಧ ಬಂದದ್ದು. "ಅಲ್ಲಾ ಮೇಡಂ, ತಪ್ಪು ಕಣ್ಣಿಗೆ ಕಾಣ್ತಿದ್ರೂ ಹಾಗೇ ಕಳ್ಸೋದಾ, ನಾವು ಓದಿದವರಲ್ವಾ, ಬೇರೆಯವರು ಏನಂತಾರೆ" ಅಂತ ಒಬ್ರು ಮುಖ ಕೆಂಪಗೆ ಮಾಡ್ಕೊಂಡ್ರು. ನಾನು ಅವರ ಮುಂದೆ ಎರಡು ಬುಕ್ ಇಟ್ಟೆ, ಹೆಸರು ಮುಚ್ಚಿ. ಒಂದರಲ್ಲಿ ಹೋಂವರ್ಕ್ ಎಲ್ಲಾ ಸರಿ, ಕ್ಲಾಸ್ ವರ್ಕ್ ಎಲ್ಲಾ ತಪ್ಪು. ಇನ್ನೊಂದರಲ್ಲಿ ಎರಡರಲ್ಲೂ ಅದೇ ಒಂದು ತಪ್ಪು. "ಇವೆರಡರಲ್ಲಿ ಯಾರಿಗೆ ನಾನು ನಾಳೆ ಸಹಾಯ ಮಾಡ್ಬಹುದು ಹೇಳಿ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಇದು ನಮ್ಮನೆಯವಳದ್ದೇ ಅಲ್ವಾ" ಅಂತ ಮೊದಲನೇ ಬುಕ್ ಎತ್ಕೊಂಡ್ರು. ಕೈಬರಹ ಗುರುತು ಸಿಕ್ಕಿತ್ತು, ಅವರದ್ದೇ.

ಆ ಅಡ್ಡಗೆರೆ ಅಂತೂ ನಾನು ಅಂದ್ಕೊಂಡದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ಗೆರೆ ಎಲ್ಲಿ ಬಿದ್ದಿದೆ ಅಂತ ನೋಡಿದ್ರೆ ಯಾರಿಗೆ ನಿಧಾನ, ಯಾರಿಗೆ ಕಷ್ಟ, ಎರಡೂ ಕಾಣುತ್ತೆ. ಎಲ್ಲಾ ಸರಿ ಮಾಡಿದ್ರೂ ಮೂರನೇ ಲೆಕ್ಕಕ್ಕೇ ಗೆರೆ ಬೀಳ್ತಿದ್ದ ಹುಡುಗಿ ಪ್ರತಿ ಮಗ್ಗೀನ ಮೊದಲಿಂದ ಹೇಳ್ಕೊಂಡು ಬರ್ತಿದ್ಲು. ಅವಳಿಗೆ ಲೆಕ್ಕ ಕಮ್ಮಿ ಮಾಡಿ ನಡುವಿಂದ ಮಗ್ಗಿ ಕೇಳೋ ಆಟ ಕೊಟ್ಟೆ, ಈಗ ಗೆರೆ ಪುಟದ ಕೆಳಗೆ ಬಂದಿದೆ. ಕೆಲವು ಮನೇಲಿ ಮಾತ್ರ ಸಹಿ ಹಾಕೋಕೇ ಯಾರೂ ಇರಲ್ಲ, ದೊಡ್ಡವರು ಮನೆಗೆ ಬರೋಷ್ಟರಲ್ಲಿ ಮಗು ಮಲಗಿರುತ್ತೆ. ಆ ಮಕ್ಳಿಗೆ ಬೆಲ್ ಆಗೋಕೆ ಮುಂಚೆ ಕ್ಲಾಸಲ್ಲೇ ಹದಿನೈದು ನಿಮಿಷ ಕೊಟ್ಟು ಅದನ್ನೇ ಹೋಂವರ್ಕ್ ಅಂತ ಲೆಕ್ಕ ಹಾಕ್ದೆ. ಇದನ್ನ ಆಫೀಸಿಗೆ ಹೇಳೋಕೆ ಹೋಗ್ಬೇಡಿ, ಸುಮ್ನೆ ಮಾಡಿ.

ತಿದ್ದೋದರ ಭಾರ ಬೇರೆ. ದಿನಾ ಎಲ್ಲಾ ಬುಕ್ಕೂ ತಿದ್ದೋಕೆ ಹೋದ್ರೆ ಎರಡನೇ ವಾರಕ್ಕೇ ಬರೀ ಟಿಕ್ ಹಾಕೋ ಮೆಷಿನ್ ಆಗ್ಬಿಡ್ತೀರಾ. ನಾನು ದಿನಕ್ಕೆ ಎರಡು ಸಾಲಿನ ಬೆಂಚಿನ ಬುಕ್ಸ್ ಮಾತ್ರ ಸರಿಯಾಗಿ ಓದ್ತೀನಿ, ಉಳಿದದ್ದು ಎಲ್ರೂ ಸೇರಿ ಬೋರ್ಡ್ ಮೇಲೆ ಮಾಡಿ ಅವರವರೇ ಬೇರೆ ಬಣ್ಣದ ಪೆನ್ಸಿಲ್ಲಲ್ಲಿ ತಿದ್ಕೊಳ್ತಾರೆ. ರಬ್ಬರ್ ಮಾತ್ರ ಬ್ಯಾಗೊಳಗೆ, ಅಳಿಸೋ ಹಾಗಿಲ್ಲ, ತಪ್ಪಿನ ಪಕ್ಕ ಸರಿಯಾದದ್ದು. ಶುರುವಲ್ಲಿ ರಬ್ಬರ್ ಬಿಡೋಕೆ ಅತ್ತವರೂ ಇದ್ರು.

ಬೇಸ್‌ಲೈನ್ ಫಾರ್ಮ್ ಗತಿ ಏನಾಯ್ತು ಅಂತ ಕೇಳ್ಬಹುದು. ಮೊದಲ ವಾರದ ಅಂಕಿ ಕೇಳಿದ್ರು, ಕೊಟ್ಟೆ, ಆದ್ರೆ ಅದರ ಪಕ್ಕ ಖಾಲಿ ಇದ್ದ ಕಾಲಂನಲ್ಲಿ ಮತ್ತೆ ಪರೀಕ್ಷಿಸಬೇಕು ಅಂತ ಬರೆದು, ಕೆಲವು ವಾರ ಬಿಟ್ಟು ಅದೇ ಥರದ ಇನ್ನೊಂದು ಹಾಳೆ ಕೊಟ್ಟು ಎರಡನೇ ಅಂಕಿ ತುಂಬಿದೆ. ಮೊದಲನೇದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿಂದಿದ್ರು ಅಂದೆನಲ್ಲ, ಎರಡನೇದರಲ್ಲಿ ಅವರಲ್ಲಿ ಹೆಚ್ಚಿನವರು ಮೇಲೆ ಬಂದಿದ್ರು, ವಿಶೇಷ ಪಾಠ ಏನೂ ಇಲ್ದೇನೇ, ದಿನಾ ಸ್ವಲ್ಪ ಹಳೇದು ಕೇಳಿದ್ದಕ್ಕೆ. ಉಳಿದವರು ಬೆರಳೆಣಿಕೆ. ಆ ಬೆರಳೆಣಿಕೆಯವರಿಗೆ ಮಾತ್ರ ಎರಡನೇ ಕ್ಲಾಸಿನ ಪಾಠ ಮತ್ತೆ ಬೇಕು, ಅದು ಇನ್ನೂ ನಡೀತಾನೇ ಇದೆ, ಕಟ್ಟುಗಳ ಹುಡುಗ ಈಗ 402 ಸರಿಯಾಗಿ ಇಡ್ತಾನೆ, 1002 ಕೊಟ್ರೆ ಮತ್ತೆ ಒದ್ದಾಡ್ತಾನೆ. ಮೊದಲ ಹಾಳೆ ನಂಬ್ಕೊಂಡು ಇಡೀ ಕ್ಲಾಸಿಗೆ ಹಳೇ ಪಾಠ ಹಾಕಿದ್ರೆ ಬಲ್ಲವರಿಗೆ ಬೇಜಾರು, ಅವನಿಗೆ ಸಿಗಬೇಕಾದ ಟೈಮೂ ಸಿಗ್ತಿರ್ಲಿಲ್ಲ. ಸಿಲೆಬಸ್ ಒಂದು ಪಾಠ ಹಿಂದಿದೆ, ಅದಕ್ಕೆ ಮೀಟಿಂಗಲ್ಲಿ ಮಾತು ಕೇಳಿಸ್ಕೊಂಡದ್ದೂ ಆಯ್ತು.

ಮುಂದಿನ ರಜೆಗೆ ಈಗ್ಲೇ ಒಂದು ಕೆಲಸ ಶುರು ಮಾಡಿದೀನಿ. ಪ್ರತಿ ಮಗುವಿಗೆ ಒಂದೊಂದು ಹಾಳೆ, ರಜೆಗೆ ಹೋಗೋ ಕೊನೇ ವಾರದಲ್ಲಿ ಅವರ ಕೈಯಲ್ಲೇ ಬರೆಸಿದ ಎರಡು ಕಳೆಯೋ ಲೆಕ್ಕ, ನಾಲ್ಕು ಸಾಲು ಉಕ್ತಲೇಖನ, ಒಂದು ನಿಮಿಷಕ್ಕೆ ಎಷ್ಟು ಪದ ಓದಿದ್ರು ಅನ್ನೋದು, ಕೆಳಗೆ ನನ್ನ ಒಂದು ಸಾಲು, ಗ್ರೇಡ್ ಅಲ್ಲ, ಏನು ಬರುತ್ತೆ ಏನು ಬರಲ್ಲ ಅಂತ. ರಜೆ ಆದ್ಮೇಲೆ ಅದೇ ಹಾಳೆಯ ಹಿಂದಿನ ಪುಟದಲ್ಲಿ ಮತ್ತೆ ಬರೆಸಿದ್ರೆ ಮರೆತದ್ದು ಯಾವ್ದು, ಮೊದಲಿಂದ್ಲೂ ಇಲ್ದೇ ಇದ್ದದ್ದು ಯಾವ್ದು ಅಂತ ತಿಂಗಳುಗಟ್ಲೆ ಹುಡುಕೋದು ತಪ್ಪುತ್ತೆ, ಮುಂದಿನ ವರ್ಷ ಈ ಕ್ಲಾಸನ್ನ ತಗೊಳ್ಳೋ ಟೀಚರ್‌ಗೂ ಬಿ ಪ್ಲಸ್ ನೋಡ್ಕೊಂಡು ತಲೆ ಕೆರ್ಕೊಳ್ಳೋದು ತಪ್ಪುತ್ತೆ. ನೀವೂ ಮಾಡೋದಾದ್ರೆ ಪ್ರತಿ ಹಾಳೇದೂ ಫೋಟೋ ತೆಗೆದು ಇಟ್ಕೊಳ್ಳಿ, ಫೈಲ್ ಮಾಡ್ತೀವಿ ಕೊಡಿ ಅಂತ ಆಫೀಸಿಗೆ ತಗೊಂಡ ಹಾಳೆ ಇವತ್ತಿನವರೆಗೂ ನನಗೆ ವಾಪಸ್ ಸಿಕ್ಕಿದ್ದಿಲ್ಲ.